ಹೊಸ ಲಾರಿ ಡ್ರೈವರ್, ಹೊಸ ರಾಜ್ಯ: ಬ್ಯಾಗ್ ಕಟ್ಟೋ ಮುಂಚೆ ಏನೇನ್ ನೋಡ್ಕೋಬೇಕು

ಹೆವಿ ಲೈಸೆನ್ಸ್ ಕೈಗೆ ಬಂದು ಆರು ತಿಂಗಳೂ ಆಗಿರಲ್ಲ, ಅಷ್ಟರಲ್ಲಿ ಯಾರೋ ಪರಿಚಯದವರ ಪರಿಚಯದವ್ರು ಫೋನ್ ಮಾಡಿ "ಇಲ್ಲಿ ಬಂದ್ಬಿಡು, ಗಾಡಿ ನಿಂತಿದೆ, ಡ್ರೈವರ್ ಇಲ್ಲ, ರೂಮ್ ನಾನೇ ಕೊಡ್ತೀನಿ" ಅಂತಾರೆ. ನಮ್ಮ ಹುಡುಗ್ರು ಅದೇ ರಾತ್ರಿ ಬಸ್ ಹತ್ತಿಬಿಡ್ತಾರೆ. ನಾನೂ ಹಂಗೇ ಹತ್ತಿದವನು. ಮಹಾರಾಷ್ಟ್ರ, ಗುಜರಾತ್, ತಮಿಳುನಾಡು ಎಲ್ಲಾ ಕಡೆ ಡ್ರೈವರ್ ಬೇಕು ಅನ್ನೋದು ನಿಜ, ಅದ್ರಲ್ಲಿ ಮೋಸ ಇಲ್ಲ. ಮೋಸ ಹೋಗೋದು ಬೇರೆ ಕಡೆ. ಲೈಸೆನ್ಸ್ ದೇಶಕ್ಕೆಲ್ಲ ನಡಿಯುತ್ತೆ, ಆದ್ರೆ ಊರಲ್ಲಿದ್ದ ಹೆಸರು ಬಾರ್ಡರ್ ದಾಟಲ್ಲ. ಇಲ್ಲಿ ಗಾಡಿಗೆ ಏನಾದ್ರೂ ಆದ್ರೆ "ಅವನು ಇಂಥೋರ ಮಗ, ಒಳ್ಳೆ ಹುಡುಗ" ಅಂತ ಹೇಳೋಕೆ ನಾಲ್ಕು ಜನ ಇರ್ತಾರೆ, ಅಲ್ಲಿ ನೀವು ಓನರ್ ಮೊಬೈಲಲ್ಲಿ "ಕರ್ನಾಟಕ ಡ್ರೈವರ್ 2" ಅಂತ ಸೇವ್ ಆಗಿರೋ ಒಂದು ನಂಬರ್ ಅಷ್ಟೇ. ಅದಕ್ಕೇ ನಿಮ್ಮ ಪರವಾಗಿ ಮಾತಾಡೋದು ಕೈಯಲ್ಲಿರೋ ಪೇಪರ್ರು ಮತ್ತೆ ನೀವೇ ಬರ್ದಿಟ್ಟ ಲೆಕ್ಕ. ಇದೊಂದು ತಲೇಲಿ ಇಟ್ಕೊಂಡು ಮುಂದಿಂದು ಓದಿ.

ಮೊದ್ಲು ಲೈಸೆನ್ಸ್ ವಿಚಾರ

ಬೇರೆ ರಾಜ್ಯಕ್ಕೆ ಹೋದ್ರೆ ಹೊಸ ಲೈಸೆನ್ಸ್ ಮಾಡಿಸ್ಬೇಕಾ ಅಂತ ತುಂಬ ಜನ ಕೇಳ್ತಾರೆ. ಬೇಡ. 1988ರ ಮೋಟಾರು ವಾಹನ ಕಾಯ್ದೆ 13ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಭಾರತ ಪೂರ್ತಿ ಚಾಲ್ತಿ. "ಇಲ್ಲಿ ಕೆಎ ಲೈಸೆನ್ಸ್ ನಡಿಯಲ್ಲ, ನಮ್ಮ ಏಜೆಂಟ್ ಹತ್ರ ಮಾಡಿಸು" ಅಂತ ಯಾರಾದ್ರೂ ಅಂದ್ರೆ ಅವ್ರು ಕಮಿಷನ್ ನೋಡ್ತಿದ್ದಾರೆ ಅಂತ ತಿಳ್ಕೊಳ್ಳಿ. ಅದೂ ಅಲ್ದೆ ಒಬ್ಬರ ಹತ್ರ ಎರಡು ಲೈಸೆನ್ಸ್ ಇರೋದೇ ತಪ್ಪು, ಆಮೇಲೆ ಆಕ್ಸಿಡೆಂಟ್ ಕೇಸಲ್ಲಿ ಇನ್ಶೂರೆನ್ಸ್ ಕಂಪನಿ ವಕೀಲ ಹುಡುಕೋದೇ ಇಂಥದ್ದನ್ನ.

ಆದ್ರೆ ಹೊರಡೋ ಮುಂಚೆ ಕಾರ್ಡ್ ತೆಗೆದು ಸರಿಯಾಗಿ ಒಂದ್ಸಲ ಓದಿ. ಕಾರು ಓಡಿಸೋ ಎಲ್‌ಎಂವಿ ಸಿಕ್ಕಿ ಒಂದು ವರ್ಷ ಆದ್ಮೇಲೇನೇ ಟ್ರಾನ್ಸ್‌ಪೋರ್ಟ್‌ಗೆ ಎಲ್‌ಎಲ್ (ಕಲಿಯೋರ ಲೈಸೆನ್ಸ್) ಕೊಡೋದು, ವಯಸ್ಸು 20 ತುಂಬಿರ್ಬೇಕು. ಮುಂಚೆ 8ನೇ ಕ್ಲಾಸ್ ಪಾಸ್ ಆಗಿರ್ಬೇಕು ಅನ್ನೋ ರೂಲ್ ಇತ್ತು, 2019ರಲ್ಲಿ ಅದನ್ನ ತೆಗೆದ್ರು. 2024ರ ನವೆಂಬರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಒಟ್ಟು ತೂಕ 7,500 ಕೆಜಿ ಒಳಗಿರೋ ಗೂಡ್ಸ್ ಗಾಡಿನ ಬರೀ ಎಲ್‌ಎಂವಿ ಲೈಸೆನ್ಸಲ್ಲೂ ಓಡಿಸ್ಬಹುದು ಅನ್ನೋದು ಪಕ್ಕಾ ಆಯ್ತು. ಇದನ್ನ ಅರ್ಧ ಕೇಳಿಸ್ಕೊಂಡು ಹತ್ತು ಚಕ್ರದ ಗಾಡಿ ಹತ್ತಬೇಡಿ, ಖಾಲಿ ಗಾಡಿ ತೂಕ ಅಲ್ಲ ಲೋಡ್ ಸೇರಿ ಒಟ್ಟು ತೂಕ, ಅದು ಆರ್‌ಸಿಲಿ ಬರ್ದಿರುತ್ತೆ.

ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಈಗ 5 ವರ್ಷಕ್ಕೆ ಒಂದ್ಸಲ ರಿನ್ಯೂ. ಮುಗಿಯೋಕೆ ಒಂದು ವರ್ಷ ಮುಂಚಿಂದಾನೇ ಮಾಡಿಸ್ಬಹುದು, ಆದ್ದರಿಂದ ಡೇಟ್ ಹತ್ರ ಇದ್ರೆ ಊರಲ್ಲೇ ಮುಗಿಸ್ಕೊಂಡು ಹೋಗಿ. ಡೇಟ್ ಮುಗಿದು ಒಂದು ವರ್ಷ ದಾಟಿದ್ರೆ ಮತ್ತೆ ಟೆಸ್ಟ್ ಕೊಡ್ಬೇಕು. ಮುಂಚೆ ಮುಗಿದ ಮೇಲೂ 30 ದಿನ ನಡಿಯೋದು, ಆ ವಿನಾಯಿತಿ ಈಗಿಲ್ಲ, ಮುಗಿದ ಮಾರನೇ ದಿನ ಸ್ಟೇರಿಂಗ್ ಹಿಡಿದ್ರೆ ಲೈಸೆನ್ಸ್ ಇಲ್ದೆ ಓಡಿಸ್ದಂಗೇ ಲೆಕ್ಕ, ದಂಡ 5,000. ಹೊಸ ರಾಜ್ಯದಲ್ಲಿದ್ದಾಗ ಡೇಟ್ ಬಂದ್ರೆ ಗಾಬರಿ ಬೇಡ, ರಿನ್ಯೂವಲ್ ಯಾವ ಆರ್‌ಟಿಓ ಆದ್ರೂ ಮಾಡ್ಬಹುದು ಅಂತಾನೇ ಕಾನೂನು ಇದೆ, ಅಲ್ಲಿನ ವಿಳಾಸದ ಪ್ರೂಫ್ ಮತ್ತೆ ಡಾಕ್ಟರ್ ಸೈನ್ ಮಾಡಿದ ಫಾರ್ಮ್ 1ಎ ಬೇಕು. ಅಪ್ಲಿಕೇಶನ್ ಸರ್ಕಾರದ ಸಾರಥಿ ವೆಬ್‌ಸೈಟಲ್ಲಿ.

ಊರಲ್ಲಿ ಇದ್ದಾಗ್ಲೇ ಮುಗಿಸ್ಬೇಕಾದ್ದು ಇನ್ನೊಂದಿದೆ. ನಿಮ್ಮ ಲೈಸೆನ್ಸ್ ನಂಬರ್ ಸಾರಥಿಲಿ ಹಾಕಿ ನೋಡಿ. ಹಳೇ ಪುಸ್ತಕದ ಲೈಸೆನ್ಸ್ ಇಂದ ಶುರುವಾದೋರಿಗೆ ಕೆಲವು ಸಲ ಆನ್‌ಲೈನಲ್ಲಿ ಡೀಟೇಲ್ಸೇ ಬರಲ್ಲ, ಇಲ್ಲಾ ಎಲ್‌ಎಂವಿ ತೋರಿಸುತ್ತೆ ಹೆವಿ ತೋರ್ಸಲ್ಲ. ಅದನ್ನ ಬ್ಯಾಕ್‌ಲಾಗ್ ಎಂಟ್ರಿ ಅಂತ ಲೈಸೆನ್ಸ್ ಕೊಟ್ಟ ಆರ್‌ಟಿಓನೇ ಹಾಕ್ಬೇಕು, ಸಾವಿರ ಕಿಲೋಮೀಟರ್ ದೂರದಿಂದ ಫೋನಲ್ಲಿ ಮಾಡ್ಸೋಕೆ ಆಗಲ್ಲ. ಮೊಬೈಲ್ ನಂಬರೂ ಈಗ ಬಳಸ್ತಿರೋದೇ ಲಿಂಕ್ ಆಗಿರ್ಲಿ, ಓಟಿಪಿ ಬಾರದೆ ಒದ್ದಾಡೋರನ್ನ ಎಷ್ಟು ಜನ ನೋಡಿದೀನೋ.

ಈಗ ನನ್ನ ಕಥೆ. ಮೊದಲನೇ ಓನರ್ ಸೇರಿದ ದಿನಾನೇ "ಒರಿಜಿನಲ್ ಲೈಸೆನ್ಸ್ ಆಫೀಸಲ್ಲಿ ಇರ್ಲಿ, ನೀನು ಜೆರಾಕ್ಸ್ ಇಟ್ಕೋ" ಅಂದ. ಎಲ್ರೂ ಕೊಟ್ಟಿದ್ದಾರೆ ಅಂತ ನಾನೂ ಕೊಟ್ಟೆ. ನಾಲ್ಕು ತಿಂಗಳಾದ್ಮೇಲೆ ಬಿಡ್ತೀನಿ ಅಂದಾಗ ಲೈಸೆನ್ಸ್ ಬೇಕಾದ್ರೆ ಬಾಕಿ ಸಂಬಳ ಬಿಡು ಅನ್ನೋ ಥರ ಮಾತು. ಒಂದು ತಿಂಗಳ ದುಡ್ಡು ಬಿಟ್ಟೇ ಕಾರ್ಡ್ ಈಸ್ಕೊಂಡು ಬಂದೆ. ಆಮೇಲೆ ಗೊತ್ತಾಯ್ತು, ಲೈಸೆನ್ಸ್ ಹಿಡಿದಿಟ್ಕೊಳ್ಳೋ ಅಧಿಕಾರ ಪೊಲೀಸ್ರಿಗೆ, ಆರ್‌ಟಿಓಗೆ ಮಾತ್ರ, ಅವ್ರೂ ತಗೊಂಡ್ರೆ ಚೀಟಿ ಕೊಡ್ಬೇಕು. ಓನರ್‌ಗೆ ಯಾವ ಹಕ್ಕೂ ಇಲ್ಲ. ನೀವು ಜೆರಾಕ್ಸ್ ಕೊಡಿ, ಆಧಾರ್ ಕಾಪಿ ಕೊಡಿ, ಬೇಕಾದ್ರೆ ಊರಿನ ಇಬ್ಬರ ನಂಬರ್ ಕೊಡಿ, ಒರಿಜಿನಲ್ ಕೊಡ್ಬೇಡಿ. ಜೊತೆಗೆ ಡಿಜಿಲಾಕರಲ್ಲಿ ಇಲ್ಲಾ ಎಂಪರಿವಾಹನ್ ಆಪಲ್ಲಿ ಲೈಸೆನ್ಸ್ ಇಳಿಸಿಟ್ಕೊಳ್ಳಿ, 2018ರಿಂದ ಅದನ್ನ ಒರಿಜಿನಲ್ ಥರಾನೇ ಒಪ್ಪಬೇಕು ಅಂತ ಕೇಂದ್ರದ ರೂಲ್ ಇದೆ. ವಾಟ್ಸಾಪಲ್ಲಿರೋ ಫೋಟೋ ತೋರ್ಸಿದ್ರೆ ನಡಿಯಲ್ಲ, ಆಪಲ್ಲೇ ಓಪನ್ ಮಾಡಿ ತೋರಿಸ್ಬೇಕು.

ಯಾವ ಕೆಲ್ಸ, ಎಲ್ಲಿ

ಹೊಸಬ್ರು ರಾಜ್ಯ ನೋಡಿ ಹೋಗ್ತಾರೆ, ನೋಡ್ಬೇಕಾದ್ದು ಲೋಡು. ಗುಜರಾತಿನ ಮುಂದ್ರಾ, ಮುಂಬೈ ಹತ್ರದ ನ್ಹಾವಾ ಶೇವಾ ಅಂದ್ರೆ ಪೋರ್ಟು, ಕಂಟೇನರ್ ಟ್ರೈಲರ್ ಕೆಲ್ಸ, ಯಾರ್ಡ್ ಹೊರಗಡೆ ಕ್ಯೂನಲ್ಲಿ ಕಾಯೋದೇ ಅರ್ಧ ಜೀವನ. ನವಿ ಮುಂಬೈ ಕಡೆ ಕಲಂಬೋಲಿ ಅಂದ್ರೆ ಕಬ್ಬಿಣ, ಸುರುಳಿ ಸುತ್ತಿದ ಕಾಯಿಲು, ರಾಡು, ಕಟ್ಟೋದು ಸರಿ ಇಲ್ಲ ಅಂದ್ರೆ ಬ್ರೇಕ್ ಹೊಡೆದ ತಕ್ಷಣ ಕ್ಯಾಬಿನ್ ಒಳಗೇ ಬರುತ್ತೆ. ಠಾಣೆ ಹತ್ರದ ಭಿವಂಡಿ ಅಂದ್ರೆ ಗೋಡೌನ್ ಮೇಲೆ ಗೋಡೌನ್, ಪಾರ್ಸೆಲ್ ಮಾಲು, ಟೈಮ್ ಒತ್ತಡ ಜಾಸ್ತಿ ತೂಕ ಕಮ್ಮಿ. ಗುಜರಾತಿನ ಮೋರ್ಬಿ ಅಂದ್ರೆ ಟೈಲ್ಸು, ತೂಕಾನೂ ಹೌದು ಒಡೆಯೋದೂ ಹೌದು. ತಮಿಳುನಾಡಿನ ನಾಮಕ್ಕಲ್ ಕಡೆ ಲಾರಿನೇ ಊರಿನ ದಂಧೆ, ಬಾಡಿ ಕಟ್ಟೋದ್ರಿಂದ ಹಿಡಿದು ಟ್ರೈಲರ್, ಟ್ಯಾಂಕರ್ ತನಕ, ಅಲ್ಲಿನ ಓನರ್‌ಗಳಿಗೆ ಗಾಡಿ ಬಗ್ಗೆ ಎಲ್ಲಾ ಗೊತ್ತಿರುತ್ತೆ, ಡ್ರೈವರ್ ಏನಾದ್ರೂ ಸುಳ್ಳು ಹೇಳಿದ್ರೆ ಇಂಜಿನ್ ಸೌಂಡಲ್ಲೇ ಕಂಡುಹಿಡೀತಾರೆ.

ನನ್ನ ಕೇಳಿದ್ರೆ ಮೊದಲನೇ ವರ್ಷ ಕ್ಲೋಸ್ಡ್ ಬಾಡಿ ಇಲ್ಲಾ ಸಾಮಾನ್ಯ ಓಪನ್ ಬಾಡಿ ಗಾಡಿ, ಒಂದೇ ರೂಟು, ಅದೂ ಕರ್ನಾಟಕದ ಕಡೆ ಬಂದು ಹೋಗೋ ರೂಟು ಹಿಡೀರಿ. ಎನ್‌ಎಚ್ 48ರಲ್ಲಿ ಬೆಂಗಳೂರು, ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ ದಾಟಿ ಕೊಲ್ಹಾಪುರ, ಪುಣೆ, ಮುಂಬೈ ತನಕ ಒಂದೇ ದಾರಿ. ಅರ್ಧ ದಾರಿ ನಮ್ಮ ಭಾಷೆ ನಡಿಯುತ್ತೆ, ಗಾಡಿ ಕೆಟ್ರೆ ಕೇಳೋಕೆ ಜನ ಸಿಗ್ತಾರೆ. ಟ್ಯಾಂಕರ್ ಕಡೆ ಸಂಬಳ ಜಾಸ್ತಿ ಅಂತ ಆಸೆ ಬಿದ್ದು ಪೆಟ್ರೋಲ್, ಗ್ಯಾಸ್, ಆಸಿಡ್ ಗಾಡಿ ಹತ್ತೋಕೆ ಹೋಗ್ಬೇಡಿ, ಅದಕ್ಕೆ ಲೈಸೆನ್ಸಲ್ಲಿ ಬೇರೆ ಎಂಡಾರ್ಸ್‌ಮೆಂಟ್ ಬೇಕು, ಮೂರು ದಿನದ ಟ್ರೈನಿಂಗ್ ಸರ್ಟಿಫಿಕೇಟ್ ಇರ್ಬೇಕು, 3 ವರ್ಷಕ್ಕೊಮ್ಮೆ ರಿಫ್ರೆಶರ್ ಕೋರ್ಸ್ ಮಾಡಿ ರಿನ್ಯೂ ಮಾಡಿಸ್ಬೇಕು. ಅದಿಲ್ದೆ ಹತ್ತಿಸೋ ಓನರ್ ಬೇರೆ ವಿಷಯದಲ್ಲೂ ಹಂಗೇ ಇರ್ತಾನೆ.

ಗಾಡಿ ಯಾವ ರಾಜ್ಯದ ನಂಬರ್ ಅನ್ನೋದೂ ಕೇಳಿ. ನ್ಯಾಷನಲ್ ಪರ್ಮಿಟ್ ಇದೆ ಅಂದಾಕ್ಷಣ ಎಲ್ಲಿ ಬೇಕಾದ್ರೂ ಲೋಡ್ ಎತ್ತಬಹುದು ಅಂತಲ್ಲ. ಕೆಎ ಗಾಡಿ ಬೆಂಗಳೂರಿಂದ ಸೂರತ್‌ಗೆ ಮಾಲು ಇಳಿಸ್ಬಹುದು, ಸೂರತ್‌ನಿಂದ ವಾಪಸ್ ಬೇರೆ ರಾಜ್ಯಕ್ಕೆ ತುಂಬ್ಕೋಬಹುದು, ಆದ್ರೆ ಸೂರತ್‌ನಲ್ಲಿ ತುಂಬಿ ರಾಜ್‌ಕೋಟ್‌ನಲ್ಲಿ ಇಳಿಸೋ ಹಂಗಿಲ್ಲ. ಬ್ರೋಕರ್‌ಗಳು "ಏನಾಗಲ್ಲ ಬಾ" ಅಂತಾರೆ, ಸಿಕ್ಕಿಬಿದ್ರೆ ರೋಡಲ್ಲಿ ನಿಂತಿರೋದು ಬ್ರೋಕರ್ ಅಲ್ಲ.

ಸಂಬಳ ಅಂದ್ರೆ ಎಷ್ಟು ಅಂತ ಕೇಳ್ಬೇಡಿ, ಹೆಂಗೆ ಅಂತ ಕೇಳಿ

ಇದ್ರಲ್ಲೇ ಜಗಳ ಎಲ್ಲ. ತಿಂಗಳ ಸಂಬಳ ಪ್ಲಸ್ ದಿನದ ಬಾಟಾ (ಭತ್ಯೆ) ಕೊಡೋರು ಇದಾರೆ, ಟ್ರಿಪ್‌ಗೆ ಇಷ್ಟು ಅಂತ ಒಟ್ಟು ಮಾತಾಡೋರು ಇದಾರೆ, ಕಿಲೋಮೀಟರ್ ಲೆಕ್ಕದೋರು ಇದಾರೆ, ಇನ್ನು ಕೆಲವ್ರು ಬಾಡಿಗೇಲಿ ಪರ್ಸೆಂಟ್. ಟ್ರಿಪ್ ಲೆಕ್ಕ ಕೇಳೋಕೆ ಚೆನ್ನಾಗಿರುತ್ತೆ, ಆದ್ರೆ ಅನ್‌ಲೋಡ್‌ಗೆ ಮೂರು ದಿನ ಗೇಟಲ್ಲಿ ನಿಂತ್ರೆ ಆ ಮೂರು ದಿನ ನಿಮ್ಮ ಜೇಬಿಂದ. ಹೊಸ ರಾಜ್ಯದಲ್ಲಿ ಯಾವ ಫ್ಯಾಕ್ಟ್ರಿ ಎಷ್ಟು ಹೊತ್ತು ನಿಲ್ಲಿಸ್ತಾರೆ ಅಂತ ನಿಮಗೆ ಗೊತ್ತಿರಲ್ಲ, ಅದಕ್ಕೇ ಮೊದಲ ಆರು ತಿಂಗಳು ತಿಂಗಳ ಸಂಬಳ ಪ್ಲಸ್ ಬಾಟಾ ಇರೋ ಕೆಲ್ಸಾನೇ ಒಳ್ಳೇದು, ಸ್ವಲ್ಪ ಕಮ್ಮಿ ಬಂದ್ರೂ ಪರವಾಗಿಲ್ಲ. ಪಾರ್ಟಿ ಅಂದ್ರೆ ಮಾಲಿನೋರು ಗಾಡಿ ಕಾಯಿಸಿದ್ದಕ್ಕೆ ಕೊಡೋ ಹಾಲ್ಟಿಂಗ್ ದುಡ್ಡಲ್ಲಿ ಡ್ರೈವರ್‌ಗೆ ಪಾಲು ಇದೆಯಾ ಅಂತ ಕೇಳಿ, ಕೇಳಿದ್ರೆ ಕೊಡ್ತಾರೆ, ಕೇಳ್ದೇ ಇದ್ರೆ ಅದೊಂದು ಇದೆ ಅಂತಾನೂ ಹೇಳಲ್ಲ.

ಮುಂಚೇನೇ ಬಾಯಿ ಬಿಟ್ಟು ಕೇಳ್ಬೇಕಾದ್ದು: ಡೀಸೆಲ್‌ಗೆ ಕಾರ್ಡಾ ಕ್ಯಾಶಾ, ಮೈಲೇಜ್ ಎಷ್ಟು ಹಿಡೀತೀರ, ಹಮಾಲಿ ಯಾರದ್ದು, ಪಂಕ್ಚರ್ ಯಾರದ್ದು, ಮಾಲು ಶಾರ್ಟೇಜ್ ಬಂದ್ರೆ ಯಾರ ಮೇಲೆ, ಚಲನ್ ಯಾರ ಮೇಲೆ. ಮೈಲೇಜ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ. ಉದಾಹರಣೆಗೆ ಹೋಗಿ ಬರೋಕೆ 1,000 ಕಿಲೋಮೀಟರ್, ಓನರ್ ಲೀಟರ್‌ಗೆ 4 ಹಿಡಿದ್ರೆ 250 ಲೀಟರ್. ಗಾಡಿ ನಿಜವಾಗ್ಲೂ 3.6 ಕೊಡೋದಾದ್ರೆ 278 ಲೀಟರ್ ಹತ್ರ ಬೇಕು. ಆ 28 ಲೀಟರ್ ಯಾರು ಕೊಡೋದು? ನಿಮ್ಮ ಸಂಬಳದಲ್ಲೇ ಮುರ್ಕೋತಾರೆ. ಅದಕ್ಕೇ ಮೊದಲ ಎರಡು ಟ್ರಿಪ್ ಟ್ಯಾಂಕ್ ಫುಲ್ ಮಾಡ್ಸಿ ಮೀಟರ್ ಫೋಟೋ ತೆಗೆದು, ವಾಪಸ್ ಬಂದು ಮತ್ತೆ ಫುಲ್ ಮಾಡಿ, ನಿಜವಾದ ಮೈಲೇಜ್ ಎಷ್ಟು ಅಂತ ಓನರ್ ಮುಂದೇನೇ ತೋರಿಸಿ ಒಪ್ಪಿಸ್ಕೊಳ್ಳಿ. ಖಾಲಿ ಗಾಡಿ ಮೈಲೇಜ್ ಬೇರೆ, ಲೋಡ್ ಗಾಡಿದು ಬೇರೆ, ಘಾಟ್ ರೂಟ್‌ದು ಇನ್ನೂ ಬೇರೆ.

ಬಿಎಸ್ 6 ಗಾಡಿ ಆದ್ರೆ ಡೀಸೆಲ್ ಜೊತೆ ಡಿಇಎಫ್ ಅಂದ್ರೆ ಯೂರಿಯಾ ನೀರು ಹಾಕೋದಿರುತ್ತೆ. ಅದು ಖಾಲಿ ಆದ್ರೆ ಗಾಡಿ ಎಳೆಯೋದೇ ಕಮ್ಮಿ ಆಗುತ್ತೆ, ಹೊಸಬ್ರು ಇಂಜಿನ್ ಹೋಯ್ತು ಅಂತ ಹೆದರ್ತಾರೆ. ಅದರ ಖರ್ಚನ್ನೂ ಟ್ರಿಪ್ ಶೀಟಲ್ಲಿ ಬೇರೆ ಸಾಲಲ್ಲಿ ಬರೀರಿ.

ನಾನು ಒಂದು ಸಣ್ಣ ಡೈರಿ ಇಡ್ತೀನಿ, ಎಡಗಡೆ ಬಂದಿದ್ದು ಬಲಗಡೆ ಹೋಗಿದ್ದು ಅಷ್ಟೇ. ಅಡ್ವಾನ್ಸ್ ಎಷ್ಟು, ಎಲ್ಲಿ ಎಷ್ಟು ಡೀಸೆಲ್, ಕಾಟಾ ಚೀಟಿ (ಗಾಡಿ ತೂಕದ ಚೀಟಿ), ಹಮಾಲಿ, ಎಂಟ್ರಿ, ಊಟ. ಪ್ರತಿ ಟ್ರಿಪ್ ಮುಗಿದ ದಿನ ಆ ಪೇಜ್ ಫೋಟೋ ಹೊಡೆದು ಓನರ್‌ಗೋ ಮ್ಯಾನೇಜರ್‌ಗೋ ವಾಟ್ಸಾಪ್ ಹಾಕಿಬಿಡೋದು. ಅವ್ರು ಓಕೆ ಅಂದ್ರೂ ಸರಿ, ಸುಮ್ನೆ ಬ್ಲೂ ಟಿಕ್ ಬಂದ್ರೂ ಸರಿ, ಮೂರು ತಿಂಗಳಾದ್ಮೇಲೆ "ನಿನ್ ಮೇಲೆ ಇಷ್ಟು ಬಾಕಿ ಇದೆ" ಅಂದಾಗ ತೋರ್ಸೋಕೆ ಏನಾದ್ರೂ ಇರುತ್ತೆ. ಸಂಬಳ ಆದಷ್ಟು ಬ್ಯಾಂಕಿಗೇ ಹಾಕಿಸ್ಕೊಳ್ಳಿ. ಸೇರುವಾಗ ದೊಡ್ಡ ಅಡ್ವಾನ್ಸ್ ಕೊಡ್ತೀನಿ ಅಂದ್ರೆ ಖುಷಿ ಪಡ್ಬೇಡಿ, ಅದು ಕಾಲಿಗೆ ಕಟ್ಟೋ ಹಗ್ಗ, ಅದು ತೀರೋ ತನಕ ನೀವು ಎಲ್ಲಿಗೂ ಹೋಗಂಗಿಲ್ಲ.

ಗಂಟೆ ಲೆಕ್ಕಾನೂ ಇದೆ ಅಂತ ಗೊತ್ತಿರ್ಲಿ. ಕಾನೂನಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆ. ರೋಡಲ್ಲಿ ಯಾರು ಪಾಲಿಸ್ತಾರೆ ಅಂತ ನಗಬೇಡಿ, ನಂಗೂ ಗೊತ್ತು. ಆದ್ರೆ ರಾತ್ರಿ ಎರಡರಿಂದ ಐದರ ಒಳಗೆ ಕಣ್ಣು ಎಳೀತಿದ್ರೆ ಪಕ್ಕಕ್ಕೆ ಹಾಕಿ ಮಲಗಿ, ಓನರ್ ಫೋನ್ ಮಾಡಿದ್ರೆ "ನಿದ್ದೆ ಬರ್ತಿದೆ, ನಿಲ್ಲಿಸಿದೀನಿ" ಅಂತ ನೇರವಾಗೇ ಹೇಳಿ. ಅದಕ್ಕೆ ಬೈಯೋ ಓನರ್ ಹತ್ರ ಇರೋದೇ ಬೇಡ. 2025ರಿಂದ ಹೊಸದಾಗಿ ತಯಾರಾಗೋ ದೊಡ್ಡ ಲಾರಿಗಳಲ್ಲಿ ಎಸಿ ಕ್ಯಾಬಿನ್ ಕಡ್ಡಾಯ ಮಾಡಿದ್ದಾರೆ. ಹೊಸ ಗಾಡಿ ಸಿಕ್ರೆ ಪುಣ್ಯ, ಹೊಸ ಡ್ರೈವರ್‌ಗೆ ಮೊದ್ಲು ಕೊಡೋದು ಹಳೇ ಗಾಡಿನೇ.

ಕೀ ತಗೊಳ್ಳೋ ಮುಂಚೆ

ಗಾಡಿ ನಂಬರ್ ಎಂಪರಿವಾಹನಲ್ಲಿ ಹಾಕಿ, ಎರಡು ನಿಮಿಷದ ಕೆಲ್ಸ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇದೆಯಾ, ಇನ್ಶೂರೆನ್ಸ್ ಇದೆಯಾ, ಪರ್ಮಿಟ್, ಟ್ಯಾಕ್ಸ್, ಎಮಿಷನ್. 8 ವರ್ಷ ದಾಟಿದ ಗಾಡಿಗೆ ಎಫ್‌ಸಿ ಪ್ರತಿ ವರ್ಷ, ಅದಕ್ಕಿಂತ ಹೊಸದಾದ್ರೆ ಎರಡು ವರ್ಷಕ್ಕೊಮ್ಮೆ. ನ್ಯಾಷನಲ್ ಪರ್ಮಿಟ್ ಸಾಮಾನ್ಯ ಲಾರಿಗೆ 12 ವರ್ಷ, ಮಲ್ಟಿ ಆಕ್ಸಲ್‌ಗೆ 15 ವರ್ಷ ತನಕ ಮಾತ್ರ. ಬಾಕಿ ಚಲನ್ ಎಷ್ಟಿದೆ ಅಂತಾನೂ ನೋಡಿ, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ನಿಮಗಿಂತ ಹಿಂದೆ ಇದ್ದೋನ ಚಲನ್ ನಿಮ್ಮ ತಲೆಗೆ ಬರಬಾರದು.

ಇನ್ಶೂರೆನ್ಸ್ ಪೇಪರಲ್ಲಿ ಪೇಯ್ಡ್ ಡ್ರೈವರ್, ಅಂದ್ರೆ ಸಂಬಳದ ಡ್ರೈವರ್ ಅಂತ ಒಂದು ಸಾಲು ಇರುತ್ತೆ, ಅದನ್ನ ಹುಡುಕಿ ಓದಿ. ಓನರ್ ಡ್ರೈವರ್ ಪಿಎ (ಅಪಘಾತ ವಿಮೆ) 15 ಲಕ್ಷ ಅಂತ ಬರೆದಿದ್ರೆ ಅದು ಓನರ್‌ಗೆ, ನಿಮಗಲ್ಲ.

ಲೋಡ್ ಆದ್ಮೇಲೆ ಕಾಟಾ ಚೀಟಿ ತೂಕಾನ ಆರ್‌ಸಿಲಿರೋ ಒಟ್ಟು ತೂಕದ ಜೊತೆ ನೀವೇ ಹೋಲಿಸಿ. ಓವರ್‌ಲೋಡ್‌ಗೆ ದಂಡ 20,000, ಮೇಲೆ ಪ್ರತಿ ಟನ್‌ಗೆ 2,000, ಹೆಚ್ಚಿನ ಮಾಲು ಅಲ್ಲೇ ಇಳಿಸ್ಬೇಕು. ಕಾನೂನಲ್ಲಿ ಓಡ್ಸಿದೋನೂ ಸಿಗ್ತಾನೆ, ಓಡ್ಸಿಸಿದೋನೂ ಸಿಗ್ತಾನೆ. ಓವರ್‌ಲೋಡ್ ಚಲನ್ ಓನರ್‌ದು, ಸಿಗ್ನಲ್ ಜಂಪ್ ಮಾಡಿದ್ದು, ಓವರ್ ಸ್ಪೀಡ್ ಎರಡೂ ಡ್ರೈವರ್‌ದು, ಇದನ್ನ ಸೇರೋ ದಿನಾನೇ ಮಾತಾಡಿ ಮುಗಿಸಿ.

ಬಿಲ್ಟಿ (ಲಾರಿ ರಸೀದಿ) ಮತ್ತೆ ಇನ್‌ವಾಯ್ಸ್ ಜೊತೆ ಮಾಲು ಸಾಗಿಸೋಕೆ ಜಿಎಸ್‌ಟಿಯ ಇ-ವೇ ಬಿಲ್ ಇರ್ಬೇಕು, ಮಾಲಿನ ಬೆಲೆ 50,000 ದಾಟಿದ್ರೆ. ಅದರಲ್ಲಿ ನಿಮ್ಮ ಗಾಡಿ ನಂಬರೇ ಇದೆಯಾ ನೋಡಿ, ಒಂದು ಅಕ್ಷರ ತಪ್ಪಿದ್ರೂ ತಲೆನೋವು. ಆ ಬಿಲ್ ಚಾಲ್ತಿ 200 ಕಿಲೋಮೀಟರ್‌ಗೆ ಒಂದು ದಿನ ಲೆಕ್ಕ, ಅಂದ್ರೆ 1,000 ಕಿಲೋಮೀಟರ್‌ಗೆ 5 ದಿನ. ದಾರೀಲಿ ಗಾಡಿ ಕೆಟ್ಟು ಲೇಟ್ ಆದ್ರೆ ಟೈಮ್ ಮುಗಿಯೋ ಮುಂಚಿನ 8 ಗಂಟೇಲಿ ಇಲ್ಲಾ ಮುಗಿದು 8 ಗಂಟೆ ಒಳಗೆ ಎಕ್ಸ್‌ಟೆಂಡ್ ಮಾಡ್ಸೋಕೆ ಟ್ರಾನ್ಸ್‌ಪೋರ್ಟ್ ಆಫೀಸ್‌ಗೆ ಫೋನ್ ಮಾಡಿ. ಬೇರೆ ಗಾಡಿಗೆ ಮಾಲು ಬದಲಾಯಿಸಿದ್ರೆ ಹೊಸ ಗಾಡಿ ನಂಬರ್ ಅಪ್‌ಡೇಟ್ ಆದ್ಮೇಲೇ ಹೊರಡಿ. ಫಾಸ್ಟ್ಯಾಗಲ್ಲಿ ದುಡ್ಡಿಲ್ದೆ ಬ್ಲ್ಯಾಕ್‌ಲಿಸ್ಟ್ ಆಗಿದ್ರೆ ಕ್ಯಾಶ್ ಕೊಟ್ರೆ ಡಬಲ್, ಆ ಹೆಚ್ಚಿನ ದುಡ್ಡು ನಿಮ್ಮ ಲೆಕ್ಕಕ್ಕೆ ಹಾಕದಂಗೆ ಟೋಲ್ ರಸೀದಿ ಇಟ್ಕೊಳ್ಳಿ.

ಗೊತ್ತಿಲ್ದಿರೋ ಇಳಿಜಾರು

ಹೊಸ ರಾಜ್ಯದಲ್ಲಿ ಹೊಸ ಡ್ರೈವರ್‌ಗೆ ನಿಜವಾದ ಅಪಾಯ ಪೊಲೀಸೂ ಅಲ್ಲ ಕಳ್ಳರೂ ಅಲ್ಲ, ಇಳಿಜಾರು. ನಮ್ಮ ಶಿರಾಡಿ ಘಾಟಲ್ಲಿ ಓಡಿಸಿದೋರಿಗೆ ತಿರುವು ಗೊತ್ತು, ನಿಧಾನ ಹೋಗ್ತಾರೆ. ಆದ್ರೆ ಪುಣೆ ಹತ್ರ ಹೊಸ ಕಾತ್ರಜ್ ಟನಲ್ ದಾಟಿ ನವಲೆ ಬ್ರಿಡ್ಜ್ ಕಡೆ ಇಳಿಯೋ ರೋಡು ನೋಡೋಕೆ ಘಾಟ್ ಥರಾನೇ ಕಾಣಲ್ಲ. ಅಗಲವಾದ ಹೈವೇ, ನೇರ ಇಳಿಜಾರು, ಡೀಸೆಲ್ ಉಳಿಸೋಣ ಅಂತ ನ್ಯೂಟ್ರಲ್ ಮಾಡ್ತಾರೆ, ಕೆಳಗಡೆ ಸಿಟಿ ಟ್ರಾಫಿಕ್ ನಿಂತಿರುತ್ತೆ. ಅಲ್ಲಿ ಎಷ್ಟು ಜನ ಸತ್ತಿದಾರೆ ಅಂತ ಪೇಪರಲ್ಲಿ ಬರ್ತಾನೇ ಇರುತ್ತೆ. ತಮಿಳುನಾಡು ಕಡೆ ಹೋಗೋರಿಗೆ ಧರ್ಮಪುರಿ ಸೇಲಂ ಮಧ್ಯೆ ಎನ್‌ಎಚ್ 44ರಲ್ಲಿ ತೊಪ್ಪೂರ್ ಘಾಟ್, ಅದೇ ಕಥೆ.

ಬ್ರೇಕ್ ಫೇಲ್ ಅಂತಾರಲ್ಲ, ತುಂಬಾ ಸಲ ಬ್ರೇಕ್ ತಾನಾಗೇ ಫೇಲ್ ಆಗಿರಲ್ಲ. ಪೆಡಲ್ ಮೇಲೆ ಕಾಲು ಇಟ್ಕೊಂಡೇ ಇಳಿದ್ರೆ ಡ್ರಮ್ಮು ಲೈನರ್ ಎಲ್ಲ ಕಾಯುತ್ತೆ, ಕಾದ ಮೇಲೆ ಹಿಡಿಯೋ ಶಕ್ತಿ ಹೋಗುತ್ತೆ, ಮತ್ತೆ ಮತ್ತೆ ಪಂಪ್ ಮಾಡಿದ್ರೆ ಟ್ಯಾಂಕಲ್ಲಿ ಗಾಳಿ ಪ್ರೆಶರೂ ಇಳಿಯುತ್ತೆ, ಆಗ ಮುಗೀತು. ಇಳಿಯೋಕೆ ಶುರು ಆಗೋ ಮುಂಚೇನೇ, ಮೇಲಿರುವಾಗ್ಲೇ ಗೇರ್ ಇಳಿಸಿ. ಆ ಏರು ಲೋಡಲ್ಲಿ ಹತ್ತೋಕೆ ಯಾವ ಗೇರ್ ಬೇಕೋ ಇಳಿಯೋಕೂ ಅದೇ ಗೇರ್ ಅಂತ ಹಳಬ್ರು ಹೇಳ್ತಾರೆ, ಅದಕ್ಕಿಂತ ಒಳ್ಳೆ ಲೆಕ್ಕ ಇನ್ನೂ ನಂಗೆ ಸಿಕ್ಕಿಲ್ಲ. ಎಕ್ಸಾಸ್ಟ್ ಬ್ರೇಕ್ (ಇಂಜಿನ್ ಹೊಗೆ ತಡೆದು ಗಾಡಿ ನಿಧಾನ ಮಾಡೋದು) ಇದ್ರೆ ಹಾಕಿ. ಕಾಲು ಬ್ರೇಕನ್ನ ಒಂದೇ ಸಲ ಗಟ್ಟಿಯಾಗಿ ಒತ್ತಿ ಸ್ಪೀಡ್ ಇಳಿಸಿ ಪೂರ್ತಿ ಬಿಡಿ, ಉಜ್ಜುತ್ತಾ ಇರ್ಬೇಡಿ. ಬೆಳಿಗ್ಗೆ ಏರ್ ಟ್ಯಾಂಕಲ್ಲಿರೋ ನೀರು ಬಿಡೋದು, ಗೇಜ್ ನೋಡೋದು, ಇವು ಎರಡೂ ಕ್ಲೀನರ್ ಮೇಲೆ ಬಿಡ್ಬೇಡಿ. ಹೊಸ ರೂಟಲ್ಲಿ ಮೊದಲನೇ ಸಲ ಹೋಗುವಾಗ ಆ ರೂಟಿನ ಹಳೇ ಡ್ರೈವರ್ ಹಿಂದೆ ಹೋಗೋಕೆ ಆದ್ರೆ ಹೋಗಿ, ಅವನು ಎಲ್ಲಿ ಗೇರ್ ಇಳಿಸ್ತಾನೆ ಅಂತ ನೋಡಿ ಡೈರಿಲಿ ಬರ್ಕೊಳ್ಳಿ, ನಾಚಿಕೆ ಪಡ್ಬೇಡಿ. ಗೂಗಲ್ ಮ್ಯಾಪ್ ಕಾರಿನ ದಾರಿ ತೋರ್ಸುತ್ತೆ, ಕೆಳಸೇತುವೆ ಎತ್ತರ ಎಷ್ಟು, ಊರೊಳಗೆ ನೋ ಎಂಟ್ರಿ ಟೈಮ್ ಯಾವಾಗ ಅಂತೆಲ್ಲ ಅದಕ್ಕೆ ಗೊತ್ತಿಲ್ಲ.

ಬಾಟ್ಲು ವಿಷಯ, ಆಕ್ಸಿಡೆಂಟ್ ವಿಷಯ

ಗುಜರಾತ್ ಮತ್ತೆ ಬಿಹಾರದಲ್ಲಿ ಪಾನನಿಷೇಧ. ನೀವು ಕುಡಿಯದೇ ಇರ್ಬಹುದು, ಆದ್ರೆ ಕ್ಲೀನರ್ ಸೀಟ್ ಕೆಳಗೆ ಗೋವಾದಿಂದ ತಂದ ಒಂದು ಬಾಟ್ಲು ಇದ್ರೆ ಕೇಸು ಗಾಡಿ ಮೇಲೂ ಬರುತ್ತೆ ನಿಮ್ಮ ಮೇಲೂ ಬರುತ್ತೆ. ಬಾರ್ಡರ್ ಮುಂಚೆ ಕ್ಯಾಬಿನ್ ನೀವೇ ಒಂದ್ಸಲ ಚೆಕ್ ಮಾಡಿ. ಯಾರಾದ್ರೂ "ಈ ಪಾರ್ಸೆಲ್ ಅಲ್ಲಿ ಕೊಟ್ಬಿಡು, ದುಡ್ಡು ಕೊಡ್ತಾರೆ" ಅಂದ್ರೆ ಬಿಲ್ ಇಲ್ದೆ ಮುಟ್ಟಬೇಡಿ. ದೆಹಲಿ ಕಡೆ ಹೋಗೋರು ಚಳಿಗಾಲದಲ್ಲಿ ಮಾಲಿನ್ಯ ಜಾಸ್ತಿ ಆದ್ರೆ ಅಗತ್ಯ ವಸ್ತು ಬಿಟ್ಟು ಬೇರೆ ಎಷ್ಟೋ ಲಾರಿಗಳನ್ನ ಒಳಗೇ ಬಿಡಲ್ಲ, ಹೊರಡೋ ದಿನ ಕೇಳ್ಕೊಂಡು ಹೊರಡಿ.

ಆಕ್ಸಿಡೆಂಟ್ ಆದ್ರೆ ಏನ್ ಮಾಡೋದು ಅನ್ನೋದು ಮುಂಚೇನೇ ತಲೇಲಿ ಇರ್ಬೇಕು, ಆ ಹೊತ್ತಲ್ಲಿ ಯೋಚ್ನೆ ಬರಲ್ಲ. ಗಾಯ ಆದೋರಿಗೆ ಚಿಕಿತ್ಸೆ ಸಿಗೋ ಹಂಗೆ ಮಾಡೋದು ಡ್ರೈವರ್ ಕರ್ತವ್ಯ ಅಂತ ಮೋಟಾರು ವಾಹನ ಕಾಯ್ದೆ 134ನೇ ಸೆಕ್ಷನ್ ಇದೆ, ಪೊಲೀಸ್ರಿಗೆ ಆದಷ್ಟು ಬೇಗ, ಹೆಚ್ಚಂದ್ರೆ 24 ಗಂಟೆ ಒಳಗೆ ತಿಳಿಸ್ಬೇಕು. ಜನ ಸೇರಿ ಹೊಡಿಯೋಕೆ ಬರ್ತಿದ್ರೆ ಅಲ್ಲಿ ನಿಲ್ಲಬೇಕು ಅಂತ ಕಾನೂನು ಹೇಳಲ್ಲ, ಆದ್ರೆ ಅಲ್ಲಿಂದ ಹೊರಟು ನೇರ ಹತ್ತಿರದ ಸ್ಟೇಷನ್‌ಗೆ ಹೋಗಿ, ಹೋಗ್ತಾನೇ 112ಕ್ಕೆ ಫೋನ್ ಮಾಡಿ, ಆ ಕಾಲ್ ರೆಕಾರ್ಡೇ ಓಡಿಹೋಗಿಲ್ಲ ಅನ್ನೋದಕ್ಕೆ ಸಾಕ್ಷಿ. 2024ರ ಜನವರಿಲಿ ಡ್ರೈವರ್‌ಗಳು ಸ್ಟ್ರೈಕ್ ಮಾಡಿದ್ರಲ್ಲ, ಹೊಸ ಕಾನೂನಲ್ಲಿ (ಭಾರತೀಯ ನ್ಯಾಯ ಸಂಹಿತೆ) ಜನ ಸತ್ತ ಆಕ್ಸಿಡೆಂಟಲ್ಲಿ ಪೊಲೀಸ್ರಿಗೆ ಹೇಳ್ದೆ ಓಡಿಹೋದ್ರೆ 10 ವರ್ಷ ಜೈಲು ಅಂತ, ಆ 106ನೇ ಸೆಕ್ಷನ್‌ನ ಎರಡನೇ ಭಾಗಾನ ಜುಲೈ 1ರಂದು ಉಳಿದಿದ್ದೆಲ್ಲಾ ಜಾರಿಗೆ ತಂದಾಗ ತಡೆ ಹಿಡಿದ್ರು. ಹಾಗಂತ ಫೋನ್ ಸ್ವಿಚ್ ಆಫ್ ಮಾಡಿ ಊರಿಗೆ ಬಸ್ ಹತ್ತೋ ಕೆಲ್ಸ ಯಾವ ಕಾಲಕ್ಕೂ ಬೇಡ. ಹೈವೇಲಿ ಗಾಡಿ ಕೆಟ್ಟು ನಿಂತ್ರೆ 1033.

ಭಾಷೆ ಬಗ್ಗೆ ಎರಡು ಮಾತು. ಉತ್ತರದ ಕಡೆ ಭಾಡಾ ಅಂದ್ರೆ ಬಾಡಿಗೆ, ಗಾಡಿ ಖಾಲಿ ಕರ್ನಾ ಅಂದ್ರೆ ಅನ್‌ಲೋಡ್, ಕಾಂಟಾ ಅಂದ್ರೆ ವೇ ಬ್ರಿಡ್ಜ್. ತಮಿಳುನಾಡಲ್ಲಿ ಎಡೈ ಮೇಡೈ ಅಂತಾರೆ ವೇ ಬ್ರಿಡ್ಜ್‌ಗೆ, ವಾಡಗೈ ಅಂದ್ರೆ ಬಾಡಿಗೆ. ಐವತ್ತು ಪದ ಬಂದ್ರೆ ಕೆಲ್ಸ ಸಾಗುತ್ತೆ. ಗೊತ್ತಿಲ್ದಿರೋ ಭಾಷೆಯ ಪೇಪರ್‌ಗೆ ಮಾತ್ರ ಸೈನ್ ಹಾಕ್ಬೇಡಿ, ಫೋಟೋ ತೆಗೆದು ಯಾರಿಗಾದ್ರೂ ಓದಿಸಿ.

ಮನೆಯವ್ರನ್ನ ಯಾವಾಗ ಕರ್ಕೊಂಡು ಹೋಗೋದು

ಸೇರಿದ ತಕ್ಷಣ ಬೇಡ. ಲಾರಿ ಡ್ರೈವರ್ ತಿಂಗಳಲ್ಲಿ ಇಪ್ಪತ್ತು ದಿನ ರೋಡಲ್ಲಿರ್ತಾನೆ, ಗೊತ್ತಿಲ್ದಿರೋ ಊರಲ್ಲಿ ಹೆಂಡ್ತಿ ಮಕ್ಳನ್ನ ಬಿಟ್ಟು ಹೋಗೋದು ಅವ್ರಿಗೆ ಮೊದ್ಲು ಕಷ್ಟ. ಮೂರು ತಿಂಗಳು ಒಬ್ರೇ ಇರಿ, ಮೂರು ಸಲ ಲೆಕ್ಕ ಕ್ಲಿಯರ್ ಆಗಿ ಸಂಬಳ ಟೈಮಿಗೆ ಬಂತಾ ನೋಡಿ, ಆಮೇಲೆ ಮನೆ ನೋಡಿ. ಅಲ್ಲಿತನಕ ಊರಿಂದ ರೇಷನ್ ಕಾರ್ಡ್ ತೆಗೆಸೋದೇನೂ ಬೇಡ, ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೆ ಇರೋದ್ರಿಂದ ಅದೇ ಕಾರ್ಡಲ್ಲಿ ನೀವು ಅಲ್ಲಿ ಸ್ವಲ್ಪ ಮನೆಯವ್ರು ಇಲ್ಲಿ ಸ್ವಲ್ಪ ತಗೋಬಹುದು, ಹೆಬ್ಬೆಟ್ಟು ಕೊಟ್ರೆ ಸಾಕು. ಅದು ಕೇಂದ್ರದ ಧಾನ್ಯಕ್ಕೆ ಮಾತ್ರ, ರಾಜ್ಯ ಸರ್ಕಾರದವ್ರು ಬೇರೆ ಕೊಡೋದು ಅಲ್ಲಿ ಸಿಗಲ್ಲ.

ಹೊರಡೋ ಮುಂಚೆ ಬ್ಯಾಂಕಿಗೆ ಹೋಗಿ ವರ್ಷಕ್ಕೆ 20 ರೂಪಾಯಿದು ಸುರಕ್ಷಾ ಬಿಮಾ (ಅಪಘಾತ ವಿಮೆ), 436 ರೂಪಾಯಿದು ಜೀವನ್ ಜ್ಯೋತಿ (ಜೀವ ವಿಮೆ) ಎರಡೂ ಮಾಡಿಸಿ, ಒಂದೊಂದರಲ್ಲಿ 2 ಲಕ್ಷ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡೂ ಮಾಡಿಸ್ಕೊಳ್ಳಿ, ಫ್ರೀ. ಆಯುಷ್ಮಾನ್ ಕಾರ್ಡ್ ಇದ್ರೆ ಯೋಜನೆಗೆ ಸೇರಿರೋ ಆಸ್ಪತ್ರೇಲಿ ಬೇರೆ ರಾಜ್ಯದಲ್ಲೂ ನಡಿಯುತ್ತೆ. ನಾಮಿನಿ ಹೆಸರು ಸರಿ ಇದೆಯಾ, ಆ ಪಾಸ್‌ಬುಕ್ ಎಲ್ಲಿದೆ ಅಂತ ಮನೇಲಿ ಒಬ್ಬರಿಗಾದ್ರೂ ಗೊತ್ತಿರ್ಲಿ. ಗಾಡಿ ನಂಬರ್, ಓನರ್ ನಂಬರ್, ಟ್ರಾನ್ಸ್‌ಪೋರ್ಟ್ ಆಫೀಸ್ ವಿಳಾಸ ಬರೆದು ಮನೆ ಗೋಡೆಗೆ ಅಂಟಿಸಿ, ಗಾಡಿ ಬದಲಾದಾಗೆಲ್ಲ ಅದನ್ನೂ ಬದಲಾಯಿಸಿ.

ಮಕ್ಳು ಓದ್ತಿದ್ರೆ ಮಧ್ಯ ವರ್ಷದಲ್ಲಿ ಎಬ್ಬಿಸ್ಬೇಡಿ, ಪರೀಕ್ಷೆ ಮುಗಿದ ಮೇಲೆ ಟಿಸಿ ತಗೊಳ್ಳಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಕನ್ನಡ ಮೀಡಿಯಂ ಶಾಲೆಗಳಿವೆ, ಮುಂಬೈಲೂ ಇವೆ. ಬೇಸ್ ಎಲ್ಲಿ ಮಾಡ್ಕೊಳ್ಳೋದು ಅಂತ ಯೋಚ್ನೆ ಮಾಡ್ತಿದ್ರೆ ಇದೂ ಒಂದು ಲೆಕ್ಕಕ್ಕೆ ತಗೊಳ್ಳಿ. ನಮ್ಮ ಜೊತೆ ಓಡಿಸ್ತಿದ್ದ ಒಬ್ರು ಪುಣೆಲಿ ಮನೆ ಮಾಡೋದು ಬಿಟ್ಟು ಸೊಲ್ಲಾಪುರದಲ್ಲೇ ಮಾಡಿದ್ರು, ಟ್ರಿಪ್ಪಿಂದ ಬಂದು ಗಾಡಿ ಬಿಟ್ಟು ಬಸ್ಸಲ್ಲಿ ಮನೆಗೆ ಹೋಗ್ತಾರೆ, ಹೆಂಡ್ತಿಗೆ ಪಕ್ಕದ ಮನೆಯೋರ ಜೊತೆ ಕನ್ನಡದಲ್ಲೇ ಮಾತಾಡೋಕಾಗುತ್ತೆ, ಬಾಡಿಗೆನೂ ಕಮ್ಮಿ.